ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿ ವ್ಯವಸ್ಥೆ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಗ್ರಾಮೀಣ ಪ್ರದೇಶದ ಜನರಿಗೆ ಸರ್ಕಾರಿ ವೈದ್ಯಕೀಯ ಸೇವೆಯು ಮೊದಲು ದೊರೆಯುವ ಸ್ಥಳ ಪ್ರಾಥಮಿಕ ಆರೋಗ್ಯ ಕೇಂದ್ರ. ಜ್ವರ, ನಾಯಿ ಕಡಿತ, ಗರ್ಭಿಣಿಯರ ತಪಾಸಣೆ, ಹೆರಿಗೆ, ಮಕ್ಕಳ ಲಸಿಕೆ, ಕ್ಷಯರೋಗದ ಪರೀಕ್ಷೆ, ಮಧುಮೇಹ ಮತ್ತು ರಕ್ತದೊತ್ತಡದ ಔಷಧಿ ಇವೆಲ್ಲವುಗಳಿಗೂ ಜನರು ಮೊದಲು ಬರುವುದು ಇಲ್ಲಿಗೆ. ಕಟ್ಟಡ ಸುಸ್ಥಿತಿಯಲ್ಲಿದ್ದು, ಔಷಧಿ ದಾಸ್ತಾನು ಸಾಕಷ್ಟಿದ್ದರೂ, ಸೇವೆ ನೀಡುವ ಸಿಬ್ಬಂದಿ ಸ್ಥಳದಲ್ಲಿ ಇಲ್ಲದಿದ್ದರೆ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ರಾತ್ರಿ ವೇಳೆ ಹೆರಿಗೆ ನೋವಿನಿಂದ ಬಂದ ಮಹಿಳೆಯ ವಿಷಯದಲ್ಲಿ ಈ ಕೊರತೆಯು ಜೀವಕ್ಕೇ ಅಪಾಯ ತರಬಲ್ಲದು.

"ನಮ್ಮ ಆಸ್ಪತ್ರೆಗೆ ವೈದ್ಯರನ್ನು ನೇಮಿಸಿ", "ಶುಶ್ರೂಷಕಿಯರನ್ನು ಒದಗಿಸಿ" ಎಂಬ ಮನವಿಗಳು ಗ್ರಾಮಸ್ಥರಿಂದ ಬರುವುದು ಸಾಮಾನ್ಯ. ಇಂತಹ ಮನವಿಗಳು ಅನೇಕ ಬಾರಿ ಸಂಬಂಧಿಸದ ಕಚೇರಿಗೆ ಸಲ್ಲಿಕೆಯಾಗಿ, ಅಲ್ಲಿಂದ ಮತ್ತೊಂದು ಕಚೇರಿಗೆ ವರ್ಗಾವಣೆಗೊಂಡು ಕಾಲ ವ್ಯಯವಾಗುತ್ತದೆ. ಸಿಬ್ಬಂದಿ ಇಲ್ಲ ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂದರ್ಭಗಳಿರುವುದೇ ಇದಕ್ಕೆ ಮುಖ್ಯ ಕಾರಣ. ಹುದ್ದೆಯೇ ಮಂಜೂರಾಗದಿರುವುದು ಮೊದಲನೆಯದು. ಹುದ್ದೆ ಮಂಜೂರಾಗಿದ್ದರೂ ಖಾಲಿ ಇರುವುದು ಎರಡನೆಯದು. ಹುದ್ದೆ ಭರ್ತಿಯಾಗಿದ್ದರೂ ನೌಕರರು ಆ ಸ್ಥಳದಲ್ಲಿ ಇಲ್ಲದಿರುವುದು ಮೂರನೆಯದು. ಈ ಮೂರಕ್ಕೂ ಕಾರಣಗಳು ಬೇರೆ, ಉತ್ತರಿಸಬೇಕಾದ ಪ್ರಾಧಿಕಾರಗಳೂ ಬೇರೆ. ಈ ವ್ಯತ್ಯಾಸವನ್ನು ಸಾರ್ವಜನಿಕರಿಗೆ ತಿಳಿಸಿ, ಸೂಕ್ತ ಕಚೇರಿಯಲ್ಲಿ ಸೂಕ್ತ ಪ್ರಶ್ನೆಯನ್ನು ಕೇಳಲು ಅನುವು ಮಾಡಿಕೊಡುವುದು ಈ ಲೇಖನದ ಉದ್ದೇಶ.

1. ಹಿನ್ನೆಲೆ ಮತ್ತು ಜನಸಂಖ್ಯಾ ಮಾನದಂಡ

ಹಿಂದಿನ ಮೈಸೂರು ಸಂಸ್ಥಾನದಲ್ಲಿ 1929ರಲ್ಲಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವೊಂದನ್ನು ಪ್ರಾರಂಭಿಸಲಾಗಿತ್ತು. 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು ದೇಶದಾದ್ಯಂತ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸ್ಥಾಪಿಸಲು ಶಿಫಾರಸು ಮಾಡಿತು. 1952ರಿಂದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದಡಿ ಈ ಕೇಂದ್ರಗಳು ಅಸ್ತಿತ್ವಕ್ಕೆ ಬಂದವು. ಒಂದೊಂದು ರೋಗಕ್ಕೆ ಒಬ್ಬೊಬ್ಬ ಕಾರ್ಯಕರ್ತರಿದ್ದ ಪದ್ಧತಿಯ ಬದಲು, ಒಬ್ಬರೇ ಎಲ್ಲ ಕಾರ್ಯಕ್ರಮಗಳನ್ನು ನಿರ್ವಹಿಸುವ ವಿವಿಧೋದ್ದೇಶ ಕಾರ್ಯಕರ್ತರ ಪದ್ಧತಿಯನ್ನು ಕರ್ತಾರ್ ಸಿಂಗ್ ಸಮಿತಿಯು 1973ರಲ್ಲಿ ಸೂಚಿಸಿತು. ಇಂದಿನ ಕ್ಷೇತ್ರ ಸಿಬ್ಬಂದಿ ವ್ಯವಸ್ಥೆಯು ಅದೇ ತಳಹದಿಯ ಮೇಲೆ ನಿಂತಿದೆ.

ಪ್ರಸ್ತುತ ಅನುಸರಿಸಲಾಗುತ್ತಿರುವ ಜನಸಂಖ್ಯಾ ಮಾನದಂಡಗಳು ಈ ಕೆಳಕಂಡಂತಿವೆ:

• ಉಪಕೇಂದ್ರ: ಬಯಲು ಪ್ರದೇಶದಲ್ಲಿ 5,000 ಜನರಿಗೆ ಒಂದು; ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೆ ಒಂದು.
• ಪ್ರಾಥಮಿಕ ಆರೋಗ್ಯ ಕೇಂದ್ರ: ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು; ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನರಿಗೆ ಒಂದು.
• ಸಮುದಾಯ ಆರೋಗ್ಯ ಕೇಂದ್ರ: ಬಯಲು ಪ್ರದೇಶದಲ್ಲಿ 1,20,000 ಜನರಿಗೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 80,000 ಜನರಿಗೆ ಒಂದು.

ಕರ್ನಾಟಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. 2018ರಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ್ ಕಾರ್ಯಕ್ರಮದಡಿ ಉಪಕೇಂದ್ರಗಳನ್ನು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮೇಲ್ದರ್ಜೆಗೇರಿಸಲಾಯಿತು. 2023ರಲ್ಲಿ ಅವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ನಾಮಕರಣ ಮಾಡಲಾಯಿತು. ಹೆಸರು ಬದಲಾದರೂ ಮೇಲಿನ ಮಾನದಂಡಗಳು ಬದಲಾಗಿಲ್ಲ.

2. ಕೇಂದ್ರದಲ್ಲಿ ಇರಬೇಕಾದ ಸಿಬ್ಬಂದಿ

ಕೇಂದ್ರದ ಮುಖ್ಯಸ್ಥರು ಆಡಳಿತ ವೈದ್ಯಾಧಿಕಾರಿ. ಅವರ ಅಧೀನದಲ್ಲಿ ಶುಶ್ರೂಷಾಧಿಕಾರಿಗಳು, ಫಾರ್ಮಸಿ ಅಧಿಕಾರಿ, ಪ್ರಯೋಗಶಾಲಾ ತಂತ್ರಜ್ಞರು, ಕಚೇರಿ ಸಹಾಯಕರು ಮತ್ತು ಗ್ರೂಪ್ ಡಿ ನೌಕರರು ಕೇಂದ್ರದಲ್ಲಿಯೇ ಕರ್ತವ್ಯ ನಿರ್ವಹಿಸುತ್ತಾರೆ. ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಮತ್ತು ಆರೋಗ್ಯ ನಿರೀಕ್ಷಣಾಧಿಕಾರಿಗಳು ಕ್ಷೇತ್ರದಲ್ಲಿ, ಅಂದರೆ ಉಪಕೇಂದ್ರ ಮತ್ತು ಗ್ರಾಮಗಳಲ್ಲಿ ಕರ್ತವ್ಯ ನಿರ್ವಹಿಸುತ್ತಾರೆ. ಹಿಂದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದೂ, ಜನಸಾಮಾನ್ಯರ ಮಾತಿನಲ್ಲಿ ನರ್ಸಮ್ಮ ಎಂದೂ ಕರೆಯಲ್ಪಡುತ್ತಿದ್ದವರೇ ಇಂದಿನ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ. ಮೇಲ್ದರ್ಜೆಗೇರಿಸಿದ ಉಪಕೇಂದ್ರಗಳಲ್ಲಿ ಇವರೊಂದಿಗೆ ಸಮುದಾಯ ಆರೋಗ್ಯಾಧಿಕಾರಿಗಳೂ ಇರುತ್ತಾರೆ.

ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳ 2012ರ ಪರಿಷ್ಕೃತ ಆವೃತ್ತಿಯು ಕೇಂದ್ರಗಳನ್ನು ಹೆರಿಗೆಗಳ ಸಂಖ್ಯೆಯ ಆಧಾರದ ಮೇಲೆ ಎರಡು ಬಗೆಯಾಗಿ ವಿಂಗಡಿಸಿತು. ತಿಂಗಳಿಗೆ 20ಕ್ಕಿಂತ ಕಡಿಮೆ ಹೆರಿಗೆಗಳಾಗುವ ಕೇಂದ್ರಕ್ಕೆ ಕನಿಷ್ಠ 13 ಸಿಬ್ಬಂದಿ, 20 ಅಥವಾ ಅದಕ್ಕಿಂತ ಹೆಚ್ಚು ಹೆರಿಗೆಗಳಾಗುವ ಕೇಂದ್ರಕ್ಕೆ ಕನಿಷ್ಠ 14 ಸಿಬ್ಬಂದಿ ಅವಶ್ಯವೆಂದು ಸೂಚಿಸಲಾಯಿತು. ಇವೆರಡರ ನಡುವಿನ ವ್ಯತ್ಯಾಸವು ಒಬ್ಬ ಹೆಚ್ಚುವರಿ ಶುಶ್ರೂಷಕಿ. ಈ ಮಾನದಂಡಗಳು 2022ರಲ್ಲಿ ಪುನಃ ಪರಿಷ್ಕೃತವಾಗಿವೆ. ಇವು ಮಾರ್ಗಸೂಚಿಗಳೇ ಹೊರತು ಹುದ್ದೆ ಸೃಜಿಸುವ ಆದೇಶಗಳಲ್ಲ ಎಂಬುದನ್ನು ಗಮನಿಸಬೇಕು. ನಿರ್ದಿಷ್ಟ ಕೇಂದ್ರದಲ್ಲಿ ಎಷ್ಟು ಹುದ್ದೆಗಳಿವೆ ಎಂಬುದು ಆ ಕೇಂದ್ರಕ್ಕೆ ಸಂಬಂಧಿಸಿದ ಸರ್ಕಾರಿ ಆದೇಶವನ್ನು ಅವಲಂಬಿಸಿರುತ್ತದೆ.

3. ಸಿಬ್ಬಂದಿಯ ನಾಲ್ಕು ವರ್ಗಗಳು

ಒಂದೇ ಕೇಂದ್ರದಲ್ಲಿ ಅಕ್ಕಪಕ್ಕದಲ್ಲಿ ಕೆಲಸ ಮಾಡುವವರ ಸೇವಾ ಷರತ್ತುಗಳು ಒಂದೇ ಆಗಿರುವುದಿಲ್ಲ.

(ಅ) ಖಾಯಂ ನೌಕರರು: ರಾಜ್ಯ ಸರ್ಕಾರದ ವೃಂದ ಮತ್ತು ನೇಮಕಾತಿ ನಿಯಮಗಳನ್ವಯ ನೇಮಕಗೊಂಡವರು. ವೇತನವನ್ನು ರಾಜ್ಯದ ಆಯವ್ಯಯದಿಂದ ಭರಿಸಲಾಗುತ್ತದೆ.

(ಆ) ಗುತ್ತಿಗೆ ನೌಕರರು: ಬಹುತೇಕ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ನಿಗದಿತ ಅವಧಿಗೆ ನೇಮಕಗೊಂಡವರು. ಅಭಿಯಾನದ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಅನುಪಾತದಲ್ಲಿ ಭರಿಸುತ್ತವೆ. ಸಮುದಾಯ ಆರೋಗ್ಯಾಧಿಕಾರಿಗಳು ಈ ವರ್ಗಕ್ಕೆ ಸೇರುತ್ತಾರೆ.

(ಇ) ಹೊರಗುತ್ತಿಗೆ ಸಿಬ್ಬಂದಿ: ಏಜೆನ್ಸಿಗಳ ಮೂಲಕ ಪಡೆಯಲಾಗುವ ಸ್ವಚ್ಛತಾ ಸಿಬ್ಬಂದಿ, ಗಣಕಯಂತ್ರ ನಿರ್ವಾಹಕರು ಮುಂತಾದವರು.

(ಈ) ಆಶಾ ಕಾರ್ಯಕರ್ತೆಯರು: 2005ರ ಏಪ್ರಿಲ್ 12ರಂದು ಪ್ರಾರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಸುಮಾರು 1,000 ಜನಸಂಖ್ಯೆಗೆ ಒಬ್ಬರಂತೆ, ಅದೇ ಗ್ರಾಮದ ಮಹಿಳೆಯರಿಂದ ಆಯ್ಕೆಯಾದವರು. ಇವರಿಗೆ ವೇತನವಿರುವುದಿಲ್ಲ, ಗೌರವಧನ ಮತ್ತು ನಿರ್ವಹಿಸಿದ ಕಾರ್ಯಕ್ಕೆ ತಕ್ಕಂತೆ ಪ್ರೋತ್ಸಾಹಧನ ನೀಡಲಾಗುತ್ತದೆ.

ಖಾಯಂ ನೌಕರರು ವರ್ಗಾವಣೆಗೆ ಒಳಪಟ್ಟಿರುತ್ತಾರೆ. ಗುತ್ತಿಗೆ ನೌಕರರ ಅವಧಿಯು ಕಾಲಕಾಲಕ್ಕೆ ನವೀಕರಣಗೊಳ್ಳಬೇಕಾಗುತ್ತದೆ. ಆಶಾ ಕಾರ್ಯಕರ್ತೆಯರು ಊರಿನಲ್ಲಿಯೇ ಉಳಿಯುತ್ತಾರೆ. ವೈದ್ಯರು ಮೂರು ಬಾರಿ ಬದಲಾದರೂ ಗರ್ಭಿಣಿಯರ ಪಟ್ಟಿಯನ್ನು ನೆನಪಿನಿಂದ ಹೇಳಬಲ್ಲವರು ಬಹಳಷ್ಟು ಗ್ರಾಮಗಳಲ್ಲಿ ಅವರೇ ಆಗಿರುತ್ತಾರೆ.

4. ಮಂಜೂರು, ಭರ್ತಿ ಮತ್ತು ಕಾರ್ಯನಿರತ

ಸಿಬ್ಬಂದಿ ವಿವರದ ತಖ್ತೆಗಳಲ್ಲಿ ಸಾಮಾನ್ಯವಾಗಿ ಮೂರು ಕಲಂಗಳಿರುತ್ತವೆ: ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ. ಸೇವೆ ಪಡೆಯಲು ಬರುವ ನಾಗರಿಕರಿಗೆ ಇವುಗಳಿಗಿಂತ ಮುಖ್ಯವಾದದ್ದು ನಾಲ್ಕನೆಯ ಕಲಂ, ಅಂದರೆ ಆ ಸ್ಥಳದಲ್ಲಿ ವಾಸ್ತವವಾಗಿ ಕಾರ್ಯನಿರತರಾಗಿರುವವರ ಸಂಖ್ಯೆ.

ಉದಾಹರಣೆಗೆ, ಒಂದು ಕೇಂದ್ರಕ್ಕೆ 12 ಹುದ್ದೆಗಳು ಮಂಜೂರಾಗಿವೆ ಎಂದು ಭಾವಿಸೋಣ. ಅವುಗಳಲ್ಲಿ 9 ಭರ್ತಿಯಾಗಿದ್ದು, 3 ಖಾಲಿ ಇವೆ. ಭರ್ತಿಯಾದ 9 ಜನರಲ್ಲಿ ಇಬ್ಬರನ್ನು ಬೇರೆ ಕಚೇರಿಗೆ ನಿಯೋಜಿಸಲಾಗಿದೆ. ಒಬ್ಬರು ದೀರ್ಘ ರಜೆಯಲ್ಲಿದ್ದಾರೆ. ಕಡತದ ಪ್ರಕಾರ ಶೇ. 75ರಷ್ಟು ಹುದ್ದೆಗಳು ಭರ್ತಿಯಾಗಿವೆ. ಕೇಂದ್ರದಲ್ಲಿ ಕೆಲಸ ಮಾಡುತ್ತಿರುವವರು 6 ಜನ ಮಾತ್ರ, ಅಂದರೆ ಶೇ. 50. ನಿಯೋಜನೆಗೊಂಡ ನೌಕರರ ವೇತನವು ಮೂಲ ಕೇಂದ್ರದ ಹುದ್ದೆಯ ಎದುರಿಗೇ ಸೆಳೆಯಲ್ಪಡುವುದರಿಂದ ಆ ಹುದ್ದೆಯನ್ನು ಖಾಲಿ ಎಂದು ತೋರಿಸಲಾಗದು. ಆದುದರಿಂದ ಆ ಸ್ಥಾನಕ್ಕೆ ಹೊಸಬರನ್ನು ನೇಮಿಸಲೂ ಆಗದು. ಖಾಲಿ ಹುದ್ದೆಯನ್ನು ತುಂಬಲು ಕ್ರಮ ಉಂಟು. ಭರ್ತಿಯಾಗಿಯೂ ಬರಿದಾಗಿರುವ ಹುದ್ದೆಯು ಯಾವ ತಖ್ತೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಸಾರ್ವಜನಿಕರು ಮಾಹಿತಿ ಕೇಳುವಾಗ ನಾಲ್ಕನೆಯ ಕಲಂ ಅನ್ನು ತಪ್ಪದೇ ಕೇಳಬೇಕಾದ ಕಾರಣ ಇದೇ.

5. ಖಾಲಿ ಹುದ್ದೆ ತುಂಬುವ ವಿಧಾನ

ನಿವೃತ್ತಿ, ಪದೋನ್ನತಿ, ವರ್ಗಾವಣೆ, ರಾಜೀನಾಮೆ ಮುಂತಾದ ಕಾರಣಗಳಿಂದ ಹುದ್ದೆ ತೆರವಾಗುತ್ತದೆ. ತೆರವಾದ ಖಾಯಂ ಹುದ್ದೆಯನ್ನು ನೇರ ನೇಮಕಾತಿಯಿಂದ ತುಂಬಲು ಆರ್ಥಿಕ ಇಲಾಖೆಯ ಸಹಮತಿ, ಮೀಸಲಾತಿ ರೋಸ್ಟರ್ ಬಿಂದುಗಳ ಗುರುತಿಸುವಿಕೆ, ಅಧಿಸೂಚನೆ, ಅರ್ಜಿ ಸ್ವೀಕಾರ, ತಾತ್ಕಾಲಿಕ ಆಯ್ಕೆ ಪಟ್ಟಿ, ಆಕ್ಷೇಪಣೆಗಳ ಪರಿಶೀಲನೆ, ಅಂತಿಮ ಪಟ್ಟಿ, ದಾಖಲೆಗಳ ನೈಜತೆ ಪರಿಶೀಲನೆ ಮತ್ತು ಸ್ಥಳ ನಿಯುಕ್ತಿ ಎಂಬ ಹಂತಗಳನ್ನು ದಾಟಬೇಕಾಗುತ್ತದೆ. ಇವುಗಳಲ್ಲಿ ಯಾವ ಹಂತವನ್ನೂ ಜಿಲ್ಲಾ ಅಥವಾ ತಾಲ್ಲೂಕು ಮಟ್ಟದಲ್ಲಿ ಕೈಬಿಡಲು ಅವಕಾಶವಿಲ್ಲ. ಆದ್ದರಿಂದ "ಕೂಡಲೇ ಖಾಯಂ ವೈದ್ಯರನ್ನು ನೇಮಿಸಿ" ಎಂಬ ಮನವಿಗೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಹಂತದಲ್ಲಿ ಪರಿಹಾರ ದೊರೆಯುವುದಿಲ್ಲ. ನೇಮಕಾತಿಯಾಗುವವರೆಗೆ ಗುತ್ತಿಗೆ ವೈದ್ಯರನ್ನು ಒದಗಿಸುವಂತೆ ಅಥವಾ ವಾರದ ನಿರ್ದಿಷ್ಟ ದಿನಗಳಲ್ಲಿ ನೆರೆಯ ಕೇಂದ್ರದ ವೈದ್ಯರಿಗೆ ಪ್ರಭಾರ ವಹಿಸುವಂತೆ ಕೋರುವ ಮನವಿಯನ್ನು ಜಿಲ್ಲಾ ಮಟ್ಟದಲ್ಲಿ ಪರಿಗಣಿಸಲು ಸಾಧ್ಯ.

ವೈದ್ಯರ ಕೊರತೆಯನ್ನು ನೀಗಿಸಲು ವೈದ್ಯಕೀಯ ವ್ಯಾಸಂಗ ಪೂರ್ಣಗೊಳಿಸಿದ ಅಭ್ಯರ್ಥಿಗಳ ಒಂದು ವರ್ಷದ ಕಡ್ಡಾಯ ಸೇವೆಗೆ ಸಂಬಂಧಿಸಿದ ಅಧಿನಿಯಮವನ್ನು ರಾಜ್ಯವು 2012ರಲ್ಲಿ ರೂಪಿಸಿತು. ಈ ವ್ಯವಸ್ಥೆಯಿಂದ ಅನೇಕ ಕೇಂದ್ರಗಳಿಗೆ ವೈದ್ಯರು ದೊರೆತಿದ್ದಾರೆ. ಆದರೆ ಅವರ ಅವಧಿ ಒಂದೇ ವರ್ಷವಾದುದರಿಂದ ಅದು ಮುಗಿದ ನಂತರ ಅದೇ ಹುದ್ದೆಗೆ ಮತ್ತೆ ವೈದ್ಯರನ್ನು ಹುಡುಕಬೇಕಾಗುತ್ತದೆ. ದೀರ್ಘಕಾಲದ ಚಿಕಿತ್ಸೆ ಅವಶ್ಯವಿರುವ ಮಧುಮೇಹ, ರಕ್ತದೊತ್ತಡದ ರೋಗಿಗಳು ತಮ್ಮ ಚಿಕಿತ್ಸಾ ಚೀಟಿಗಳನ್ನು ಜೋಪಾನವಾಗಿರಿಸಿಕೊಂಡು ಹೊಸ ವೈದ್ಯರಿಗೆ ತೋರಿಸುವುದು ಸೂಕ್ತ.

ಕಲ್ಯಾಣ ಕರ್ನಾಟಕದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳಲ್ಲಿ ಸಂವಿಧಾನದ 371ಜೆ ಅನುಚ್ಛೇದದನ್ವಯ ಹೊರಡಿಸಲಾದ 2013ರ ಆದೇಶದಂತೆ ಸ್ಥಳೀಯ ಅಭ್ಯರ್ಥಿಗಳಿಗೆ ನೇಮಕಾತಿಯಲ್ಲಿ ಮೀಸಲಾತಿ ಕಲ್ಪಿಸಲಾಗಿದೆ. ಈ ಪ್ರಮಾಣವು ಗ್ರೂಪ್ ಬಿ ಹುದ್ದೆಗಳಲ್ಲಿ ಶೇ. 75, ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80 ಮತ್ತು ಗ್ರೂಪ್ ಡಿ ಹುದ್ದೆಗಳಲ್ಲಿ ಶೇ. 85 ಆಗಿರುತ್ತದೆ. ಆ ಭಾಗದವರೇ ಆದ ನೌಕರರು ಅಲ್ಲಿಯೇ ನೆಲೆಸಿ ಸೇವೆ ಸಲ್ಲಿಸುವ ಸಂಭವ ಹೆಚ್ಚು.

6. ವರ್ಗಾವಣೆ

ವೈದ್ಯಾಧಿಕಾರಿಗಳು ಮತ್ತು ಇತರ ಸಿಬ್ಬಂದಿಯ ವರ್ಗಾವಣೆಯನ್ನು ನಿಯಂತ್ರಿಸಲು 2011ರಲ್ಲಿ ಪ್ರತ್ಯೇಕ ಅಧಿನಿಯಮವನ್ನು ಜಾರಿಗೆ ತರಲಾಗಿದ್ದು, ವರ್ಗಾವಣೆಗಳನ್ನು ಕೌನ್ಸೆಲಿಂಗ್ ಮೂಲಕ ನಡೆಸಲು ಅದರಲ್ಲಿ ಅವಕಾಶ ಕಲ್ಪಿಸಲಾಗಿದೆ. ಯಾವ ಸ್ಥಳಗಳು ಖಾಲಿ ಇವೆ ಎಂಬುದು ಎಲ್ಲರಿಗೂ ತಿಳಿದಿರಬೇಕು ಹಾಗೂ ಆಯ್ಕೆಯು ಪ್ರಭಾವದ ಮೇಲೆ ಅವಲಂಬಿಸದೆ ನಿಯಮದ ಪ್ರಕಾರ ನಡೆಯಬೇಕು ಎಂಬುದು ಇದರ ಆಶಯ. ಜನರ ಮೆಚ್ಚುಗೆ ಗಳಿಸಿದ ವೈದ್ಯರ ವರ್ಗಾವಣೆಯನ್ನು ರದ್ದುಪಡಿಸುವಂತೆ ಗ್ರಾಮಸ್ಥರು ಮನವಿ ಸಲ್ಲಿಸುವುದುಂಟು. ಇಂತಹ ಸಂದರ್ಭದಲ್ಲಿ, ಬದಲಿ ಸಿಬ್ಬಂದಿ ಕರ್ತವ್ಯಕ್ಕೆ ವರದಿ ಮಾಡಿಕೊಂಡ ನಂತರವೇ ಹಿಂದಿನವರನ್ನು ಬಿಡುಗಡೆ ಮಾಡುವಂತೆ ಕೋರುವುದು ಹೆಚ್ಚು ಪ್ರಯೋಜನಕಾರಿ. ಸೇವೆ ಒಂದು ದಿನವೂ ನಿಲ್ಲಬಾರದು ಎಂಬ ಗ್ರಾಮಸ್ಥರ ಮೂಲ ಅಪೇಕ್ಷೆಯನ್ನು ಅದು ಈಡೇರಿಸುತ್ತದೆ.

7. 24 ಗಂಟೆಗಳ ಸೇವೆ ಮತ್ತು ಕ್ಷೇತ್ರ ಸಿಬ್ಬಂದಿಯ ಕಾರ್ಯಭಾರ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ 2005-06ರಲ್ಲಿ ಸುಮಾರು ಶೇ. 65ರಷ್ಟಿದ್ದ ಸಾಂಸ್ಥಿಕ ಹೆರಿಗೆಗಳ ಪ್ರಮಾಣವು 2019-20ರ ವೇಳೆಗೆ ಶೇ. 97ಕ್ಕೆ ಏರಿತು. ಹೆರಿಗೆಗೆ ಆಸ್ಪತ್ರೆಗೆ ಬನ್ನಿ ಎಂಬ ಸರ್ಕಾರದ ಕರೆಗೆ ಜನರು ಓಗೊಟ್ಟಿದ್ದಾರೆ. ಬಂದವರನ್ನು ಬರಮಾಡಿಕೊಳ್ಳಲು ಪ್ರತಿ ಪಾಳಿಯಲ್ಲಿಯೂ ಸಿಬ್ಬಂದಿ ಇರುವುದು ಆದ್ದರಿಂದ ಅತ್ಯವಶ್ಯ.

ಇದರ ಲೆಕ್ಕ ಸರಳವಾಗಿದೆ. ಒಂದು ವಾರಕ್ಕೆ 168 ಗಂಟೆಗಳು. 8 ಗಂಟೆಗೆ ಒಂದರಂತೆ 21 ಪಾಳಿಗಳು. ಒಬ್ಬ ಶುಶ್ರೂಷಾಧಿಕಾರಿ ದಿನಕ್ಕೆ 8 ಗಂಟೆಯಂತೆ ವಾರದಲ್ಲಿ 6 ದಿನ, ಅಂದರೆ 48 ಗಂಟೆ ಕರ್ತವ್ಯ ನಿರ್ವಹಿಸಿದರೆ, ಮೂವರಿಂದ 144 ಗಂಟೆಗಳ ಸೇವೆ ದೊರೆಯುತ್ತದೆ. ಮೂವರಲ್ಲಿ ಯಾರೂ ಒಂದು ದಿನವೂ ರಜೆ ಪಡೆಯದಿದ್ದರೂ ವಾರಕ್ಕೆ 24 ಗಂಟೆ, ಅಂದರೆ 3 ಪಾಳಿಗಳು ಉಳಿದುಬಿಡುತ್ತವೆ. ಒಬ್ಬರು ನಿಯಮಾನುಸಾರ 180 ದಿನಗಳ ಹೆರಿಗೆ ರಜೆಯಲ್ಲಿ ತೆರಳಿದರೆ, ಉಳಿದ ಇಬ್ಬರಿಂದ 96 ಗಂಟೆ ಮಾತ್ರ ಸಾಧ್ಯ; 21 ಪಾಳಿಗಳಲ್ಲಿ 9 ಪಾಳಿಗಳಿಗೆ ಜನರಿರುವುದಿಲ್ಲ. ಹೀಗಾಗಿ ರಾತ್ರಿ ಶುಶ್ರೂಷಕಿ ಇರಲಿಲ್ಲ ಎಂಬುದು ಎಲ್ಲ ಸಂದರ್ಭಗಳಲ್ಲಿಯೂ ಕರ್ತವ್ಯಲೋಪವಾಗಿರುವುದಿಲ್ಲ. ಎಲ್ಲ ಕೇಂದ್ರಗಳೂ 24 ಗಂಟೆ ಸೇವೆಯ ಕೇಂದ್ರಗಳಲ್ಲ ಎಂಬುದನ್ನೂ ತಿಳಿದಿರಬೇಕು. ಗರ್ಭಿಣಿಯರ ಕುಟುಂಬದವರು ಏಳನೆಯ ತಿಂಗಳೊಳಗಾಗಿಯೇ ತಮ್ಮ ಕೇಂದ್ರದಲ್ಲಿ ರಾತ್ರಿ ಪಾಳಿ ಇದೆಯೇ, ಇಲ್ಲದಿದ್ದರೆ ಹೆರಿಗೆ ಸೌಲಭ್ಯವುಳ್ಳ ಸಮೀಪದ ಆಸ್ಪತ್ರೆ ಯಾವುದು ಎಂಬುದನ್ನು ಆಶಾ ಕಾರ್ಯಕರ್ತೆಯರಿಂದ ತಿಳಿದುಕೊಳ್ಳತಕ್ಕದ್ದು.

ಕ್ಷೇತ್ರದಲ್ಲಿಯೂ ಪರಿಸ್ಥಿತಿ ಇದೇ ಬಗೆಯದು. 5,000 ಜನಸಂಖ್ಯೆಯ ಉಪಕೇಂದ್ರದಲ್ಲಿ, ಸಾವಿರಕ್ಕೆ 16ರಿಂದ 17 ಜನನಗಳಂತೆ, ವರ್ಷಕ್ಕೆ ಸುಮಾರು 80 ಶಿಶುಗಳು ಜನಿಸುತ್ತವೆ. ಪ್ರತಿ ಗರ್ಭಿಣಿಗೆ ಕನಿಷ್ಠ 4 ತಪಾಸಣೆಗಳಂತೆ 320 ತಪಾಸಣೆಗಳಾಗುತ್ತವೆ. ಶಿಶುವಿಗೆ 6, 10 ಮತ್ತು 14 ವಾರಗಳಲ್ಲಿ ಹಾಗೂ 9 ತಿಂಗಳು ತುಂಬಿದಾಗ ಲಸಿಕೆ ನೀಡಬೇಕಾಗಿರುವುದರಿಂದ ಮತ್ತೆ ಸುಮಾರು 320 ಭೇಟಿಗಳು. ಇದರೊಂದಿಗೆ ಬಾಣಂತಿಯರ ಆರೈಕೆ, ಕುಟುಂಬ ಕಲ್ಯಾಣ, ಸಮೀಕ್ಷೆ ಮತ್ತು ದಾಖಲಾತಿ ಕಾರ್ಯಗಳಿರುತ್ತವೆ. ಪಕ್ಕದ ಉಪಕೇಂದ್ರದ ಹುದ್ದೆ ಖಾಲಿಯಾಗಿ ಅದರ ಪ್ರಭಾರವೂ ಇದೇ ನೌಕರರಿಗೆ ಬಂದಲ್ಲಿ ಮೇಲಿನ ಎಲ್ಲ ಸಂಖ್ಯೆಗಳು ಇಮ್ಮಡಿಯಾಗುತ್ತವೆ. ತಿಂಗಳ ದಿನಗಳು ಮಾತ್ರ ಅಷ್ಟೇ ಇರುತ್ತವೆ. ಲಸಿಕಾ ದಿನ ತಪ್ಪಿದಾಗ ಆ ನೌಕರರ ಮೇಲೆ ಆಕ್ಷೇಪಿಸುವ ಮೊದಲು ಅವರ ಬಳಿ ಎಷ್ಟು ಉಪಕೇಂದ್ರಗಳ ಪ್ರಭಾರವಿದೆ ಎಂಬುದನ್ನು ವಿಚಾರಿಸುವುದು ನ್ಯಾಯೋಚಿತ.

8. ಹಾಜರಾತಿ ಮೇಲ್ವಿಚಾರಣೆ

ಅನಧಿಕೃತ ಗೈರುಹಾಜರಿಯೂ ವಾಸ್ತವ ಸಮಸ್ಯೆಯೇ ಆಗಿದೆ. 2010ರ ನಂತರದ ವರ್ಷಗಳಲ್ಲಿ ಕರ್ನಾಟಕದ 5 ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಅಧ್ಯಯನಕ್ಕೆ ಒಳಪಡಿಸಿ, ಅವುಗಳ ಪೈಕಿ 140 ಕೇಂದ್ರಗಳಲ್ಲಿ ಬೆರಳಚ್ಚು ಆಧಾರಿತ ಹಾಜರಾತಿಯನ್ನು ಅಳವಡಿಸಲಾಯಿತು. ಶುಶ್ರೂಷಕಿಯರು, ಫಾರ್ಮಾಸಿಸ್ಟರು ಮತ್ತು ಪ್ರಯೋಗಶಾಲಾ ತಂತ್ರಜ್ಞರ ಹಾಜರಾತಿ ಸುಧಾರಿಸಿತು. ವೈದ್ಯರ ಹಾಜರಾತಿಯಲ್ಲಿ ಗಮನಾರ್ಹ ಬದಲಾವಣೆ ಕಂಡುಬರಲಿಲ್ಲ. ಆ ಕೇಂದ್ರಗಳ ವ್ಯಾಪ್ತಿಯಲ್ಲಿ ಕಡಿಮೆ ತೂಕದ ಶಿಶುಗಳ ಜನನ ಪ್ರಮಾಣವು ಸುಮಾರು ಕಾಲು ಭಾಗದಷ್ಟು ಇಳಿಯಿತು. ಯಂತ್ರವು ದಾಖಲಿಸಿದ ಗೈರುಹಾಜರಿಯ ಮೇಲೆ ರಜೆ ಕಡಿತ ಮುಂತಾದ ಕ್ರಮಗಳನ್ನು ಪೂರ್ಣವಾಗಿ ಜರುಗಿಸಲು ಸಾಧ್ಯವಾಗಲಿಲ್ಲ ಎಂಬ ಅಂಶವೂ ಅಧ್ಯಯನದಿಂದ ಹೊರಬಂದಿತು.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಸಿಬ್ಬಂದಿ ಸ್ಥಳದಲ್ಲಿರುವುದಕ್ಕೂ ತಾಯಿ ಮತ್ತು ಮಗುವಿನ ಆರೋಗ್ಯಕ್ಕೂ ನೇರ ಸಂಬಂಧವಿದೆ. ಹಾಗೆಯೇ, ಹಾಜರಾತಿಯನ್ನು ದಾಖಲಿಸಿದರಷ್ಟೇ ಸಾಲದು. ದಾಖಲೆಯನ್ನು ಪರಿಶೀಲಿಸಿ ಕ್ರಮ ಕೈಗೊಳ್ಳುವವರೂ ಇರಬೇಕು.

9. ಯಾವ ವಿಷಯಕ್ಕೆ ಯಾರನ್ನು ಸಂಪರ್ಕಿಸಬೇಕು

• ಸಿಬ್ಬಂದಿ ಕರ್ತವ್ಯದ ವೇಳೆಯಲ್ಲಿ ಇಲ್ಲದಿದ್ದರೆ: ಕೇಂದ್ರದ ಆಡಳಿತ ವೈದ್ಯಾಧಿಕಾರಿ, ವೈದ್ಯಾಧಿಕಾರಿಗಳೇ ಇಲ್ಲದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿ.
• ನಿಯೋಜನೆ ರದ್ದತಿ, ಪ್ರಭಾರ ವ್ಯವಸ್ಥೆ, ಗುತ್ತಿಗೆ ಸಿಬ್ಬಂದಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ ಹಾಗೂ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ.
• ಖಾಯಂ ಹುದ್ದೆಗಳ ಭರ್ತಿ: ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳ ಆಯುಕ್ತಾಲಯ.
• ಹೊಸ ಹುದ್ದೆ ಅಥವಾ ಹೊಸ ಕೇಂದ್ರದ ಮಂಜೂರಾತಿ: ರಾಜ್ಯ ಸರ್ಕಾರ.
• ಸಾಮಾನ್ಯ ಕುಂದುಕೊರತೆಗಳು: ಜನಸ್ಪಂದನ ಸಹಾಯವಾಣಿ 1902.
• ತುರ್ತು ಸಂದರ್ಭ: 108 ಆಂಬ್ಯುಲೆನ್ಸ್ ಸೇವೆ.

ಕೇಂದ್ರದ ಆರೋಗ್ಯ ರಕ್ಷಾ ಸಮಿತಿ ಮತ್ತು ಗ್ರಾಮ ಸಭೆಗಳಲ್ಲಿಯೂ ಈ ವಿಷಯವನ್ನು ಪ್ರಸ್ತಾಪಿಸಬಹುದು. ಒಬ್ಬ ವ್ಯಕ್ತಿಯ ಅರ್ಜಿಗಿಂತ ಗ್ರಾಮ ಸಭೆಯ ನಿರ್ಣಯಕ್ಕೆ ಹೆಚ್ಚಿನ ತೂಕವಿರುತ್ತದೆ.

10. ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಬಹುದಾದ ವಿವರಗಳು

ಮಾಹಿತಿ ಹಕ್ಕು ಅಧಿನಿಯಮ, 2005ರ ಅನ್ವಯ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳ ಮಿತಿಯಲ್ಲಿರತಕ್ಕದ್ದು. ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಸಲ್ಲಿಸುವ ಅರ್ಜಿಯಲ್ಲಿ ಈ ಕೆಳಗಿನ ವಿವರಗಳನ್ನು ಕೇಳುವುದು ಸೂಕ್ತ:

(1) ಕೇಂದ್ರಕ್ಕೆ ಮಂಜೂರಾದ ಹುದ್ದೆಗಳ ವೃಂದವಾರು ಸಂಖ್ಯೆ.
(2) ಭರ್ತಿಯಾದ ಮತ್ತು ಖಾಲಿ ಇರುವ ಹುದ್ದೆಗಳು, ಖಾಲಿಯಾದ ದಿನಾಂಕ.
(3) ಭರ್ತಿಯಾದ ಹುದ್ದೆಗಳ ಪೈಕಿ ಬೇರೆಡೆ ನಿಯೋಜಿತರಾದವರ ಸಂಖ್ಯೆ, ನಿಯೋಜನಾ ಆದೇಶದ ಪ್ರತಿ.
(4) ದೀರ್ಘ ರಜೆಯಲ್ಲಿರುವವರ ಸಂಖ್ಯೆ ಮತ್ತು ಬದಲಿ ವ್ಯವಸ್ಥೆ.
(5) ಪ್ರಸಕ್ತ ತಿಂಗಳ ಪಾಳಿ ಪಟ್ಟಿಯ ಪ್ರತಿ.

ಅರ್ಜಿ ಸ್ವೀಕರಿಸಿದ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ. ಮಾಹಿತಿಯು ಬೇರೆ ಪ್ರಾಧಿಕಾರದಲ್ಲಿದ್ದರೆ 5 ದಿನಗಳೊಳಗೆ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸತಕ್ಕದ್ದು. ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಾಗಿಲ್ಲದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ತದನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ನೌಕರರ ಕಾಯಿಲೆಯ ವಿವರ ಮುಂತಾದ ವೈಯಕ್ತಿಕ ಮಾಹಿತಿಯನ್ನು ಕೇಳಬಾರದು. ಅದು ಈ ಉದ್ದೇಶಕ್ಕೆ ಅವಶ್ಯವೂ ಅಲ್ಲ.

ಮುಕ್ತಾಯ

ಸಿಬ್ಬಂದಿ ವ್ಯವಸ್ಥೆಯ ಜವಾಬ್ದಾರಿ ಸರ್ಕಾರದ್ದು. ಅದರ ಮೇಲಿನ ನಿಗಾ ನಾಗರಿಕರ ಹಕ್ಕು. "ವೈದ್ಯರಿಲ್ಲ" ಎಂದು ಬರೆಯುವ ಬದಲು "ಹುದ್ದೆ ಮಂಜೂರಾಗಿದೆ, ಇಂತಹ ದಿನಾಂಕದಿಂದ ಖಾಲಿ ಇದೆ" ಎಂದೋ, "ಹುದ್ದೆ ಭರ್ತಿಯಾಗಿದೆ, ನೌಕರರು ಬೇರೆಡೆ ನಿಯೋಜನೆಯಲ್ಲಿದ್ದಾರೆ" ಎಂದೋ ಬರೆದ ಮನವಿಗೆ ಸಂಬಂಧಿಸಿದ ಅಧಿಕಾರಿಯು ಖಚಿತವಾಗಿ ಉತ್ತರಿಸಲೇಬೇಕಾಗುತ್ತದೆ. ಸಾರ್ವಜನಿಕರು ತಮ್ಮ ಕೇಂದ್ರದ ಸಿಬ್ಬಂದಿ ವಿವರವನ್ನು ತಿಳಿದುಕೊಂಡು, ಸೂಕ್ತ ಕಚೇರಿಗೆ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.